ಆಚೆ ಈಚೆ ಎಷ್ಟು

ನಮ್ಮ ಮನೆಯಲ್ಲಿ ಬರೀ ಸಂಖ್ಯೆ ಹೇಳಿದರೆ ನಡೆಯುತ್ತಿರಲಿಲ್ಲ. ಮನೆಯಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ನನ್ನ ಗಂಡ ಹೆಲ್ಮೆರ್. ಆದರೂ ಕಾನೂನು ಕಾನೂನೇ. "ಆಲೂಗಡ್ಡೆ ಬೇಯೋಕೆ ಇಪ್ಪತ್ತು ನಿಮಿಷ" ಎಂದರೆ ಅವನು ಪತ್ರಿಕೆಯಿಂದ ತಲೆಯೆತ್ತದೆ "ಆಚೆ ಈಚೆ ಎಷ್ಟು?" ಎನ್ನುತ್ತಿದ್ದ. "ನಾಲ್ಕು" ಎಂದು ನಾನು ಹೇಳಿದ ಮೇಲೆಯೇ ಅವನಿಗೆ ಆಲೂಗಡ್ಡೆಯ ಮೇಲೆ ನಂಬಿಕೆ. ಅವನು ಪ್ರಯೋಗಾಲಯದಲ್ಲಿ ಅಳೆಯುವವನು. ಅಳೆಯುವವನಿಗೆ ತನ್ನ ಕೈ ಎಷ್ಟು ನಡುಗುತ್ತದೆ ಎಂಬುದೂ ಗೊತ್ತಿರಬೇಕು, ಅದು ಗೊತ್ತಿಲ್ಲದವನು ಅಳೆದೇ ಇಲ್ಲ ಎಂಬುದು ಅವನ ವಾದ.

ಊಟಕ್ಕೆ ಬಂದವರು ಯಾರಾದರೂ ಮದುವೆಯಾಗಿ ಎಷ್ಟು ವರ್ಷವಾಯಿತು ಎಂದು ಕೇಳಿದರೆ ನಾನು "ಮೂವತ್ತೊಂದು" ಎನ್ನುತ್ತಿದ್ದೆ. ಮೇಜಿನ ಆ ತುದಿಯಿಂದ ತಪ್ಪದೆ ಪ್ರಶ್ನೆ ಬರುತ್ತಿತ್ತು, "ಆಚೆ ಈಚೆ?" ನಾನು "ಒಂದು" ಎನ್ನುತ್ತಿದ್ದೆ. ಮದುವೆಯಾದ ಮೂರನೆಯ ವರ್ಷ ನಾನು ಸಿಟ್ಟುಮಾಡಿಕೊಂಡು ಪೆಟ್ಟಿಗೆ ಕಟ್ಟಿ ನಾರ್ವೆಯ ಟ್ರೋಂಡ್‌ಹೈಮಿಗೆ ಹೋಗಿ ಒಂದು ವರ್ಷ ಅಲ್ಲೇ ಕೂತಿದ್ದೆ. ಆ ವರ್ಷವನ್ನು ಕೂಡಬೇಕೋ ಕಳೆಯಬೇಕೋ ಎಂದು ನಮ್ಮಿಬ್ಬರಲ್ಲಿ ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಬಂದವರಿಗೆ ಇದೆಲ್ಲ ತಿಳಿಯದು. ನಾವಿಬ್ಬರು ನಗುವುದನ್ನು ನೋಡಿ ಅವರೂ ನಗುತ್ತಿದ್ದರು.

ಫೆಬ್ರವರಿಯಲ್ಲಿ ಆಸ್ಪತ್ರೆಯಲ್ಲಿ ಎಳೆ ವಯಸ್ಸಿನ ಡಾಕ್ಟರಮ್ಮ ಹೆಲ್ಮೆರನ ಮೇದೋಜೀರಕ ಗ್ರಂಥಿಯ ಗಡ್ಡೆಯ ಚಿತ್ರ ತೋರಿಸಿ, ಮೆಲ್ಲಗೆ, "ನಾಲ್ಕು ತಿಂಗಳು ಇರಬಹುದು" ಎಂದಳು. ಹೆಲ್ಮೆರ್ ಕೇಳಿದ, "ಆಚೆ ಈಚೆ ಎಷ್ಟು?" ಪಾಪ, ಅವಳು ನನ್ನ ಮುಖ ನೋಡಿದಳು. "ಎರಡು" ಎಂದು ಕೊನೆಗೆ ಅವಳೇ ಅಂದಳು. ಹೆಲ್ಮೆರ್ ಫಕ್ಕನೆ ಉಸಿರು ಒಳಗೆಳೆದುಕೊಂಡ. ಸ್ವೀಡನ್ನಿನ ಉತ್ತರದ ನಮ್ಮ ಉಮಿಯೋ ಕಡೆಯವರು ಹೌದು ಎನ್ನುವುದು ಹಾಗೆಯೇ, ಬಾಯಿ ತೆರೆಯುವ ಕೆಲಸವಿಲ್ಲ. "ಇವಳು ಒಳ್ಳೆ ಡಾಕ್ಟರು" ಎಂದು ಕಾರಿನಲ್ಲಿ ಹೇಳಿದ. ನಾನು ಗಾಡಿ ಓಡಿಸಬೇಕಾಗಿತ್ತು, ಆದ್ದರಿಂದ ಅಳಲಿಲ್ಲ.

ಅವನಿಗೆ ಸಾವಿನ ಭಯ ಅಷ್ಟಿರಲಿಲ್ಲ. ಒಂದೇ ಒಂದು ಕೊರಗಿತ್ತು, ಅದು ನನಗೂ ಗೊತ್ತಿತ್ತು. ನೀರಿನಂತೆ ಬಣ್ಣವಿಲ್ಲದ ಎರಡು ವಸ್ತುಗಳಿವೆ. ಬೆರೆಸಿದರೆ ಜೌಗಿನಲ್ಲಿ ಬೆಳೆಯುವ ಯೂರ್ಟ್ರೋನ್ ಹಣ್ಣಿನ ಜಾಮಿನ ಕಿತ್ತಳೆ ಬಣ್ಣ ಬರುತ್ತದೆ. ಎರಡರ ಅಣುಗಳೂ ಚಪ್ಪಟೆ, ಒಂದರ ಮೇಲೊಂದು ಕೂತು ಹಿಡಿದುಕೊಂಡಾಗ ಆ ಬಣ್ಣ. ಹೆಲ್ಮೆರ್ ಅವುಗಳ ಆವಿಯನ್ನು ಗಾಜಿನ ಕೊಳವೆಯಲ್ಲಿ ತುಂಬಿ, ಕಾಯಿಸುತ್ತಾ ಆರಿಸುತ್ತಾ, ಬಣ್ಣ ಎಷ್ಟು ಮಾಸುತ್ತದೆ ಎಂದು ನೋಡಿ, ಹಿಡಿತ ಎಷ್ಟು ಬಿಗಿ ಎಂದು ಅಳೆದ. ನಾಲ್ಕೂವರೆ ಕಿಲೋಕ್ಯಾಲೊರಿ. ನಾಲ್ಕು ಚಳಿಗಾಲ ಅದಕ್ಕೆ ಹೋಯಿತು. ಕೊಳವೆಯನ್ನು ಬೇರೆಯವರ ಕೈಗೆ ಕೊಡದೆ ತಾನೇ ತೊಳೆಯುತ್ತಿದ್ದ, ಹಸುಗೂಸಿಗೆ ನೀರು ಹಾಕಿದ ಹಾಗೆ. ಮುಂದೆ ಕೆಲವು ವರ್ಷಕ್ಕೆ ಸ್ವಿಟ್ಜರ್ಲೆಂಡಿನ ಗುಂಪೊಂದು ಹೊಸ ಯಂತ್ರದಲ್ಲಿ ಅಳೆದು ಆರೂವರೆ ಎಂದಿತು. ಲೋಕ ಹೊಸ ಯಂತ್ರವನ್ನು ನಂಬಿತು. ಹೆಲ್ಮೆರನ ಇಡೀ ದುಡಿಮೆ ಬೇರೆಯವರ ಪ್ರಬಂಧಗಳ ಅಡಿಯಲ್ಲಿ "ಹಳೆಯ ಅಳತೆಯೊಂದೂ ಇದೆ" ಎಂಬ ಒಂದು ಸಾಲಾಯಿತು.

"ಆ ಸ್ವಿಸ್ಸಿನವನಿಗೆ ಗಾಜು ತೊಳೆಯೋಕೂ ಬರಲ್ಲ" ಎಂದು ಬೈಯುತ್ತಿದ್ದ. ಆಮೇಲೆ ಬೈಯುವುದನ್ನೂ ಬಿಟ್ಟ. ಬಿಟ್ಟಾಗಲೇ ನನಗೆ ಹೆಚ್ಚು ಸಂಕಟವಾಗಿದ್ದು.

ನನ್ನ ಹೆಸರು ಮಾರ್ಗಿಟ್. ನನ್ನದೂ ರಸಾಯನಶಾಸ್ತ್ರವೇ, ಆದರೆ ಗಾಜಿಲ್ಲದ್ದು. ಅಣುವಿನೊಳಗಿನ ಎಲೆಕ್ಟ್ರಾನುಗಳನ್ನು ಒಂದೊಂದಾಗಿ ಹಿಂಬಾಲಿಸದೆ, ಅವು ಎಲ್ಲಿ ಎಷ್ಟು ದಟ್ಟವಾಗಿವೆ ಎಂಬುದನ್ನಷ್ಟೇ ನೋಡಿ ಅಣುವಿನ ಶಕ್ತಿಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತೇವೆ. ಸಿದ್ಧಾಂತ ಚೊಕ್ಕವಾಗಿದೆ, ಒಂದು ಭಾಗ ಬಿಟ್ಟು. ಆ ಒಂದು ಭಾಗ ನಿಜವಾಗಿ ಹೇಗಿದೆಯೋ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಅಲ್ಲಿ ಒಬ್ಬೊಬ್ಬರು ಒಂದೊಂದು ಅಂದಾಜು ತುಂಬುತ್ತಾರೆ, ಮನೆಗೊಂದು ಹದದ ಮಾಂಸದುಂಡೆ ಇದ್ದ ಹಾಗೆ. ತುಂಬಿ ಗುಂಡಿ ಒತ್ತಿದರೆ ಯಂತ್ರ ಹತ್ತು ದಶಾಂಶದವರೆಗೆ ಉತ್ತರ ಕೊಡುತ್ತದೆ. ಆಚೆ ಈಚೆ ಎಷ್ಟು ಎಂದು ಮಾತ್ರ ಕೊಡುವುದಿಲ್ಲ. ಹೆಲ್ಮೆರ್ ಅದಕ್ಕೇ ನನ್ನನ್ನು ಕೆಣಕುತ್ತಿದ್ದ: "ಒಂದು ಲೋಟನೂ ಒಡೀದೆ ಪ್ರೊಫೆಸರ್ ಆದೋಳು ನೀನು."

ಅವನ ಕಿತ್ತಳೆ ಬಣ್ಣದ ಜೋಡಿಯನ್ನು ನಾನು ಎಂದೂ ಲೆಕ್ಕ ಹಾಕಲಿಲ್ಲ. ಹೆಂಡತಿಯ ಸಾಕ್ಷಿಗೆ ಯಾವ ಬೆಲೆ? ಆದರೆ ನನ್ನ ವಿದ್ಯಾರ್ಥಿನಿ ಹಿಲ್ಲೆವಿ ಹಾಕಿದಳು. ಲಿಕ್ಸೆಲೆಯ ಕಾಡಿನ ಕಡೆಯ ಹುಡುಗಿ, ಡಾಕ್ಟರೇಟಿನ ಕೊನೆಯ ವರ್ಷ. ಆ ಚಳಿಗಾಲ ನಾನು ಹೆಲ್ಮೆರನನ್ನು ನೋಡಿಕೊಳ್ಳಲು ರಜೆಯಲ್ಲಿದ್ದೆ. ಪ್ರಬಂಧದ ಕೊನೆಯ ಅಧ್ಯಾಯವನ್ನು ನನ್ನ ಬದಲಿಗೆ ಬಂದ ಸಹೋದ್ಯೋಗಿ ನೋಡಿ ಒಪ್ಪಿದ್ದ, ಅದು ಅಚ್ಚೂ ಆಗಿತ್ತು. ಏಪ್ರಿಲಿನ ಒಂದು ಮಧ್ಯಾಹ್ನ ಹಿಲ್ಲೆವಿ ಬಾದಾಮಿ ಹಿಟ್ಟಿನ ಹಸಿರು ಮಾರ್ಜಿಪಾನ್ ಹೊದಿಸಿದ ಕೇಕಿನ ಡಬ್ಬ, ಬಿಸಿ ಆರದ ಹೊಸ ಪುಸ್ತಕ ಎರಡನ್ನೂ ಹಿಡಿದು ನಮ್ಮ ಮನೆಗೆ ಬಂದಳು.

ಹೆಲ್ಮೆರ್ ಹೊಳೆ ಕಾಣುವ ಕಿಟಕಿಯ ಪಕ್ಕ ಮಂಚದಲ್ಲಿದ್ದ. ಹೊಳೆಯ ಮೇಲಿನ ಹಿಮ ಇನ್ನೂ ಒಡೆದಿರಲಿಲ್ಲ.

"ಹೆಲ್ಮೆರ್, ಕಣ್ಣು ಮುಚ್ಕೋ" ಎಂದಳು ಹಿಲ್ಲೆವಿ. ನಮ್ಮಲ್ಲಿ ವಿದ್ಯಾರ್ಥಿಗಳೂ ಹೆಸರು ಹಿಡಿದು, ನೀನು ಎಂದೇ ಮಾತಾಡುವುದು.

"ಮುಚ್ಕೊಂಡ್ರೆ ಮತ್ತೆ ತೆಗೀತೀನೋ ಇಲ್ವೋ, ನೋಡ್ಕೋ."

"ಥೂ, ಬಾಯಲ್ಲಿ ಒಳ್ಳೆ ಮಾತು ಬರಲ್ವಾ ನಿಂಗೆ" ಎಂದು ಅವಳು ಪುಟ ಬಿಡಿಸಿ ಅವನ ಎದೆಯ ಮೇಲಿಟ್ಟಳು. "ಕೊನೇ ಅಧ್ಯಾಯ. ನಿನ್ನ ಜೋಡಿ. ಓದು."

ಅವನು ಕನ್ನಡಕ ಹುಡುಕಿದ. ಓದಿದ. ನಾಲ್ಕು ಪಾಯಿಂಟ್ ನಾಲ್ಕು. ಮುಂದಿನ ಸಾಲು: ಸ್ವೀಡಿಷ್ ಅಳತೆಯೊಂದಿಗೆ ಲೆಕ್ಕ ಪೂರ್ತಿ ಹೊಂದುತ್ತದೆ, ನಂತರದ ಅಳತೆಗಳನ್ನು ಮರುಪರಿಶೀಲಿಸಬೇಕು. ಅವನು ಪುಸ್ತಕವನ್ನು ಮುಖದ ಮೇಲೆ ಮುಚ್ಚಿಕೊಂಡ. ಭುಜ ಅಲುಗುತ್ತಿತ್ತು. ಮೂವತ್ತು ವರ್ಷದಲ್ಲಿ ನಾನು ಅವನು ಅತ್ತದ್ದು ಕಂಡಿರಲಿಲ್ಲ. ನನ್ನ ಕಣ್ಣೂ ತುಂಬಿತು. ಸುಳ್ಳೇಕೆ ಹೇಳಲಿ, ಆ ಗಳಿಗೆಯಲ್ಲಿ ನಾನು ಪ್ರಾಧ್ಯಾಪಕಿಯಾಗಿರಲಿಲ್ಲ.

ಅವತ್ತು ಅವನು ಒಂದು ಚೂರು ಕೇಕು ತಿಂದ, ಕಾಫಿಯೊಳಗೆ ನಮ್ಮ ಕಡೆಯ ರೂಢಿಯಂತೆ ಗಿಣ್ಣಿನ ತುಂಡು ಹಾಕಿಸಿಕೊಂಡ. ಎಷ್ಟೋ ವಾರದಿಂದ ಅದರ ವಾಸನೆಯೇ ಬೇಡ ಎನ್ನುತ್ತಿದ್ದವನು. ಹಿಲ್ಲೆವಿ ಹೋದ ಮೇಲೆ ಹೇಳಿದ:

"ಮಾರ್ಗಿಟ್, ಹುಡುಗಿ ಆಚೆ ಈಚೆ ಹಾಕಿಲ್ಲ."

"ಲೆಕ್ಕದೋರು ಹಾಕಲ್ಲ, ನಿಂಗೆ ಗೊತ್ತಲ್ಲ."

"ನೀನು ಹೇಳು. ಎಷ್ಟು?"

"ನೋಡ್ಬೇಕು."

"ನೋಡು ಮತ್ತೆ. ಒಪ್ಪದೇ ಇರೋ ನಂಬರನ್ನ ಎಲ್ರೂ ಎರಡ್ ಸಲ ನೋಡ್ತಾರೆ. ಒಪ್ಪೋ ನಂಬರನ್ನ ಯಾರೂ ನೋಡಲ್ಲ." ಮುಖದಲ್ಲಿ ಇನ್ನೂ ನಗುವಿತ್ತು. ಹೆದರಿಕೆ ಇರಲಿಲ್ಲ.

ಮರುದಿನ ಬೆಳಿಗ್ಗೆ ನರ್ಸು ಬಂದ ಮೇಲೆ ನಾನು ವಿಭಾಗಕ್ಕೆ ಹೋದೆ. ಹಿಲ್ಲೆವಿ ಬಳಸಿದ್ದು ಆಗ ಎಲ್ಲರೂ ಬಳಸುತ್ತಿದ್ದ ಅಂದಾಜು, ಎಲ್ಲರೂ ಬಳಸುತ್ತಿದ್ದ ಅಗ್ಗದ ಸಾಮಗ್ರಿ, ಎಂದರೆ ಎಲೆಕ್ಟ್ರಾನುಗಳ ಚಿತ್ರ ಕಟ್ಟುವ ಗಣಿತದ ತುಣುಕುಗಳು. ಎಲ್ಲರೂ ನಡೆದ ದಾರಿಯಲ್ಲಿ ಹಳ್ಳವಿರುವುದಿಲ್ಲ ಎಂದು ನಂಬುವವರು ನಮ್ಮಲ್ಲಿ ಬಹಳ ಜನ. ಮೊದಲು ಜೋಡಿಯನ್ನು ಸ್ವಲ್ಪ ತಿರುಗಿಸಿ ಇಟ್ಟು ಮತ್ತೆ ಲೆಕ್ಕ ಹಾಕಿದೆ. ಕೋಣೆಯಲ್ಲಿ ಕುರ್ಚಿ ತಿರುಗಿಸಿದರೆ ಅದರ ತೂಕ ಬದಲಾಗುತ್ತದೆಯೇ? ನಮ್ಮ ಯಂತ್ರದಲ್ಲಿ ಒಂದಿಷ್ಟು ಬದಲಾಗುತ್ತದೆ, ಏಕೆಂದರೆ ಅದು ಅಣುವನ್ನು ಚುಕ್ಕೆಗಳ ಜಾಲರಿಯಲ್ಲಿ ನೋಡುತ್ತದೆ. ಜಾಲರಿ ಬಿಗಿ ಮಾಡಿದೆ. ಉತ್ತರ ಕೊಂಚವೇ ಅಲುಗಿ ನಿಂತಿತು. ಮನಸ್ಸು ಹಗುರಾಯಿತು, ಇಲ್ಲಿಗೇ ಮುಗಿಸಿ ಮನೆಗೆ ಹೋಗೋಣ ಅನ್ನಿಸಿತು. ಹೋಗಬಹುದಿತ್ತು.

ಹೋಗಲಿಲ್ಲ. ಸಾಮಗ್ರಿ ಸಾಲದಿದ್ದಾಗ ಈ ಅಣುಗಳು ಒಂದು ಕಳ್ಳಾಟ ಆಡುತ್ತವೆ. ತನ್ನ ಡಬ್ಬದಲ್ಲಿ ಸಕ್ಕರೆ ಇಲ್ಲದವಳು ಪಕ್ಕದ ಮನೆಯಿಂದ ತರುವ ಹಾಗೆ, ಒಂದು ಅಣು ಪಕ್ಕದ ಅಣುವಿನ ಸಾಮಗ್ರಿಯನ್ನು ಕಡ ತಂದು ತನ್ನ ಶಕ್ತಿ ಇಳಿಸಿಕೊಳ್ಳುತ್ತದೆ. ನೋಡುವವರಿಗೆ ಅವೆರಡೂ ಪ್ರೀತಿಯಿಂದ ತಬ್ಬಿಕೊಂಡಿವೆ ಎಂದು ಕಾಣುತ್ತದೆ. ನಾನು ಇಬ್ಬರಿಗೂ ಬೇಕಾದಷ್ಟು ಸಾಮಗ್ರಿ ಕೊಟ್ಟೆ. ಕಡ ನಿಂತಿತು. ಹಿಡಿತ ನಾಲ್ಕು ಪಾಯಿಂಟ್ ನಾಲ್ಕರಿಂದ ಎರಡರ ಕೆಳಗೆ ಕುಸಿಯಿತು.

ಇನ್ನೊಂದು ತಪ್ಪು ಹಿಲ್ಲೆವಿ ಬಳಸಿದ ಅಂದಾಜಿನಲ್ಲೇ ಇತ್ತು. ದೂರದಿಂದ ಎರಡು ಅಣುಗಳು ಒಂದನ್ನೊಂದು ಸೆಳೆಯುವ ಒಂದು ಬಹಳ ಮೆಲುವಾದ ಎಳೆತವಿದೆ, ಅದು ಆ ಅಂದಾಜಿನ ಕಣ್ಣಿಗೆ ಬೀಳುವುದೇ ಇಲ್ಲ. ಅದನ್ನು ಸೇರಿಸುವ ತಿದ್ದುಪಡಿ ಆ ದಿನಗಳಲ್ಲಿ ಹೊಸದಾಗಿ ಬಂದಿತ್ತು. ಸೇರಿಸಿದೆ. ಒಂದು ತಪ್ಪು ಅಣುಗಳನ್ನು ಹತ್ತಿರ ತಳ್ಳಿತ್ತು, ಇನ್ನೊಂದು ದೂರ ಇಟ್ಟಿತ್ತು. ಎರಡೂ ಸೇರಿ ಹೆಲ್ಮೆರನ ಸಂಖ್ಯೆಯಾಗಿತ್ತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಗಿತ್ತು. ಎರಡನ್ನೂ ತಿದ್ದಿದ ಮೇಲೆ ಬಂದದ್ದು ಆರು ಪಾಯಿಂಟ್ ಮೂರು. ಬೇರೆ ಅಂದಾಜುಗಳಲ್ಲೂ ಹಾಕಿ ನೋಡಿದೆ. ಎಲ್ಲವೂ ಅದರ ಸುತ್ತಮುತ್ತಲೇ ಸುಳಿದವು, ಅರ್ಧ ಆಚೆ ಅರ್ಧ ಈಚೆ. ಸ್ವಿಸ್ಸಿನವನಿಗೆ ಗಾಜು ತೊಳೆಯಲು ಬರುತ್ತಿತ್ತು.

ಹಿಲ್ಲೆವಿಯನ್ನು ಕರೆದು ಪರದೆ ತೋರಿಸಿದೆ. ಅವಳಿಗೆ ವಿವರಿಸುವ ಅಗತ್ಯವಿರಲಿಲ್ಲ. ನಿಂತಲ್ಲೇ ನಿಂತು ಮೂರೂ ಸಂಖ್ಯೆಗಳನ್ನು ಓದಿದಳು. ಮುಖ ಸುಣ್ಣವಾಯಿತು.

"ನಾನ್ಯಾಕೆ ನೋಡ್ಲಿಲ್ಲ?"

"ನಿನಗೆ ಉತ್ತರ ಮೊದಲೇ ಗೊತ್ತಿತ್ತು. ಅದು ಬಂದ ತಕ್ಷಣ ನಿಲ್ಸಿದೆ."

"ಅವನು ಅತ್ತ, ಮಾರ್ಗಿಟ್. ನಾನೇ ಅಳಿಸ್ದೆ. ಕೇಕ್ ಬೇರೆ ತಗೊಂಡ್ ಹೋಗಿದ್ದೆ."

"ಪುಸ್ತಕಕ್ಕೆ ತಿದ್ದುಪಡಿ ಚೀಟಿ ಹಾಕ್ಬೇಕು" ಎಂದೆ. ನಮ್ಮಲ್ಲಿ ಡಾಕ್ಟರೇಟಿನ ಪುಸ್ತಕವನ್ನು ಬಹಿರಂಗ ವಾದಕ್ಕೆ ಮೂರು ವಾರ ಮೊದಲು ವಿಶ್ವವಿದ್ಯಾಲಯದ ಮರದ ಹಲಗೆಗೆ ನಿಜವಾದ ಸುತ್ತಿಗೆಯಿಂದ ನಿಜವಾದ ಮೊಳೆ ಹೊಡೆದು ನೇತುಹಾಕುತ್ತಾರೆ. ಆಮೇಲೆ ಅದು ಊರಿನ ಸ್ವತ್ತು, ಯಾರು ಬೇಕಾದರೂ ಓದಿ ತಪ್ಪು ಹುಡುಕಬಹುದು. ಹಿಲ್ಲೆವಿಯ ಮೊಳೆಯ ದಿನ ಹತ್ತಿರ ಬಂದಿತ್ತು. ಅವಳನ್ನು ಪ್ರಶ್ನಿಸಲು ಕೋಪನ್‌ಹೇಗನ್ನಿನಿಂದ ಬರುವವನು ಈ ಮೆಲು ಎಳೆತದಲ್ಲೇ ತಲೆ ನರೆಸಿಕೊಂಡವನು.

"ಚೀಟಿ ಬೇಡ" ಎಂದಳು.

"ಅವನು ನಿನ್ನ ಎಲ್ರ ಮುಂದೆ ಹರಿದು ಹಾಕ್ತಾನೆ."

"ಹರೀಲಿ. ಚೀಟಿ ಹಾಕಿದ್ರೆ ಹೆಲ್ಮೆರ್‌ಗೆ ಗೊತ್ತಾಗತ್ತೆ. ನೀನೇ ತಾನೇ ಹೇಳಿದ್ದು, ಬೇಸಿಗೆವರೆಗೂ ಇರಲ್ಲ ಅಂತ? ಅಲ್ಲಿವರೆಗೆ ಅವನು ಸರಿ ಅಂತಾನೇ ಇರ್ಲಿ. ನನಗೆ ಮುಂದೆ ಇನ್ನೂ ಆಯುಷ್ಯ ಇದೆ, ಸರಿಮಾಡ್ಕೋತೀನಿ."

ಅತ್ತ ದರಿ, ಇತ್ತ ಪುಲಿ. ಚೀಟಿ ಹಾಕಿದರೆ ಸಾಯುತ್ತಿರುವ ಗಂಡನ ಕೈಯಿಂದ ಅವನ ಒಂದೇ ಸಂತೋಷವನ್ನು ಕಿತ್ತುಕೊಳ್ಳಬೇಕು. ಹಾಕದಿದ್ದರೆ ಏನೂ ಕೆಟ್ಟದ್ದು ಮಾಡದ ಈ ಹುಡುಗಿ ಸಭೆಯಲ್ಲಿ ತಲೆ ತಗ್ಗಿಸಬೇಕು, ಹೊಸಬಳ ಹೆಸರಿಗೆ ಅಂಟಿದ ಮಸಿ ಬೇಗ ಹೋಗುವುದಿಲ್ಲ. ನಾನು ಕೋಟು ಹಾಕಿಕೊಂಡು ಮನೆಗೆ ನಡೆದೆ. ಹಿಮ ಕರಗಿ ರಸ್ತೆಯ ತುಂಬ ಜಲ್ಲಿ. ಸೇತುವೆ ದಾಟುವ ಹೊತ್ತಿಗೆ ನಿರ್ಧಾರ ಮಾಡಿಬಿಟ್ಟಿದ್ದೆ, ಸುಳ್ಳು ಹೇಳುವುದೆಂದು. ಹುಡುಗಿಯ ಚೀಟಿಯನ್ನು ಅವನ ಕಣ್ಣಿಗೆ ಬೀಳದಂತೆ ಹೇಗಾದರೂ ಅಂಟಿಸಿದರಾಯಿತು. ಮಂಚ ಬಿಟ್ಟು ಏಳಲಾರದವನು ಹಲಗೆಯವರೆಗೆ ಬಂದು ನೋಡುತ್ತಾನೆಯೇ?

ಅವನು ಎಚ್ಚರವಾಗಿದ್ದ. ಪುಸ್ತಕ ದಿಂಬಿನ ಪಕ್ಕದಲ್ಲೇ ಇತ್ತು.

"ನೋಡ್ದ್ಯಾ?"

"ನೋಡ್ದೆ."

"ಏನಂತೆ?"

"ಸರಿ ಇದೆ. ನಾಲ್ಕೂವರೆ." ಕಿಟಕಿಯ ಪರದೆ ಸರಿಸುವ ನೆಪದಲ್ಲಿ ಬೆನ್ನು ತಿರುಗಿಸಿದೆ.

"ಆಚೆ ಈಚೆ?"

ಒಂದು ಸಂಖ್ಯೆ ಹೇಳಿದ್ದರೆ ಮುಗಿಯುತ್ತಿತ್ತು. ಅರ್ಧ, ಕಾಲು, ಬಾಯಿಗೆ ಬಂದದ್ದು. ಅದಕ್ಕೆ ಮಾತ್ರ ನಾನು ಸಿದ್ಧಳಾಗಿ ಬಂದಿರಲಿಲ್ಲ. ಸಂಖ್ಯೆಯ ಬಗ್ಗೆ ಸುಳ್ಳು ಹೇಳಲು ನಾಲಿಗೆ ಒಪ್ಪಿತ್ತು, ಅದರ ನಡುಕದ ಬಗ್ಗೆ ಒಪ್ಪಲಿಲ್ಲ. ಆ ಪ್ರಶ್ನೆಗೆ ಅವನ ಮುಂದೆ ಜೀವಮಾನವೆಲ್ಲ ನಿಜವನ್ನೇ ಹೇಳಿದ್ದೆ.

"ಅಷ್ಟೇನಿಲ್ಲ" ಎಂದೆ. "ಸರಿಯಾಗೇ ಇದೆ."

ತಿರುಗಿದೆ. ಅವನು ನನ್ನನ್ನೇ ನೋಡುತ್ತಿದ್ದ. ನಗು ಇನ್ನೂ ಮುಖದ ಮೇಲಿತ್ತು, ಆದರೆ ಯಜಮಾನ ಬಿಟ್ಟು ಹೋದ ಮನೆಯ ದೀಪದಂತೆ.

"ಮಾರ್ಗಿಟ್, ಆಚೆ ಈಚೆ ಇಲ್ಲದ ನಂಬರ್ ನಿನ್ನ ಬಾಯಲ್ಲಿ ಇವತ್ತೇ ಕೇಳ್ತಿರೋದು."

ನಾನು ಮಂಚದ ಅಂಚಿನಲ್ಲಿ ಕೂತೆ.

"ಹೇಳು" ಎಂದ. "ನನ್ನ ಡಾಕ್ಟರಮ್ಮನೇ ಹೇಳಿದ್ಲು. ನಿನಗೇನು?"

"ಆರು ಪಾಯಿಂಟ್ ಮೂರು. ಆಚೆ ಈಚೆ ಅರ್ಧ."

ಅವನು ಮುಖವನ್ನು ಹೊಳೆಯ ಕಡೆ ತಿರುಗಿಸಿದ. ಕೈ ಹಿಡಿಯಲು ಹೋದೆ, ಬಿಡಿಸಿಕೊಂಡ. ಅದು ನನಗೆ ಚೂರಿಯಂತೆ ನಾಟಿತು. ನನ್ನ ಮೇಲಿನ ಸಿಟ್ಟಲ್ಲ, ಯಾರ ಮೇಲೆ ತೋರಿಸಬೇಕೋ ಗೊತ್ತಿಲ್ಲದ ಸಿಟ್ಟು. ನಾಲ್ಕು ಚಳಿಗಾಲ, ತೊಳೆದು ತೊಳೆದು ಬಿರಿದ ಬೆರಳು, ಮತ್ತೆ ನಿನ್ನೆಯ ಆ ಒಂದು ಚೂರು ಕೇಕು.

"ನಿನ್ನೆವರೆಗೂ ಚೆನ್ನಾಗಿತ್ತಲ್ಲ" ಎಂದ ಕೊನೆಗೆ. "ಯಾಕ್ ಕೇಳ್ದೆ ನಾನು?"

"ನೋವಾಯ್ತಾ?" ಎಂದು ದಡ್ಡಿಯಂತೆ ಕೇಳಿದೆ.

ಅವನು ಉಸಿರು ಒಳಗೆಳೆದುಕೊಂಡ. ಹೌದು ಎಂದನೋ, ಸುಮ್ಮನೆ ಉಸಿರಾಡಿದನೋ, ಆ ದಿನಗಳಲ್ಲಿ ಎರಡಕ್ಕೂ ವ್ಯತ್ಯಾಸ ಉಳಿದಿರಲಿಲ್ಲ. ನಾನು ಅವನ ಹೊದಿಕೆಯ ಮೇಲೆ ತಲೆಯಿಟ್ಟು ಜೋರಾಗಿ ಅತ್ತೆ. ಅವನ ಕೈ ಬಂದು ನನ್ನ ಕೂದಲ ಮೇಲೆ ಕೂತಿತು.

"ಗಾಜು" ಎಂದ.

"ಏನು?"

"ಗಾಜೇ ಇರ್ಬೇಕು. ಆರಿಸ್ದಾಗ ಆವಿ ಗೋಡೆಗೆ ಅಂಟ್ಕೊಂಡ್ಬಿಡತ್ತೆ, ಜೋಡಿಯಾಗೋಕೆ ಉಳಿಯೋದೇ ಕಮ್ಮಿ. ನನಗೆ ಹಿಡಿತ ಸಡಿಲ ಅಂತ ಕಾಣತ್ತೆ. ಚೆನ್ನಾಗಿ ತೊಳೆದಷ್ಟೂ ಚೆನ್ನಾಗಿ ಅಂಟತ್ತೆ." ನಗಲು ಹೋಗಿ ಕೆಮ್ಮಿದ. "ಅಷ್ಟು ಚೆನ್ನಾಗಿ ತೊಳೀಬಾರ್ದಿತ್ತು. ಸ್ವಿಸ್ಸಿನವನನ್ನ ಸುಮ್ನೆ ಬೈದೆ."

ಹಿಲ್ಲೆವಿ ಏನು ಮಾಡಲು ಹೊರಟಿದ್ದಾಳೆ ಎಂದು ಆಗ ಹೇಳಿದೆ. ಅವನಿಗೆ ನಿಜವಾಗಿ ಸಿಟ್ಟು ಬಂದದ್ದು ಆಗಲೇ.

"ನನ್ನ ಖುಷಿಗೆ ಆ ಮಗು ಯಾಕೆ ಏಟು ತಿನ್ಬೇಕು? ಬರ್ಕೋ. ನಾನು ಹೇಳ್ತೀನಿ, ಬರ್ಕೋ."

ಬರೆದುಕೊಂಡೆ. ಅವನು ಪದ ಪದವಾಗಿ, ನಡುನಡುವೆ ನಿಂತು, ಹೇಳಿದ: ನಾಲ್ಕೂವರೆ ಎಂಬ ಅಳತೆ ಗಾಜಿನ ಗೋಡೆಯ ಕಾರಣದಿಂದ ತಪ್ಪಿರಬೇಕೆಂದು ಅಳೆದವನೇ ತಿಳಿಸಿದ್ದಾನೆ. ಲೆಕ್ಕ ಮೊದಲು ಅದಕ್ಕೆ ಹೊಂದಿದ್ದು ಎರಡು ತಪ್ಪುಗಳು ಒಂದನ್ನೊಂದು ಮುಚ್ಚಿದ್ದರಿಂದ. ತಿದ್ದಿದ ಉತ್ತರ ಆರು ಪಾಯಿಂಟ್ ಮೂರು, ಆಚೆ ಈಚೆ ಅರ್ಧ.

"ಅರ್ಧ ಬಿಡ್ಬೇಡ" ಎಂದ. "ಲೆಕ್ಕದೋರ ಪುಸ್ತಕದಲ್ಲಿ ಒಂದ್ಸಲನಾದ್ರೂ ಬರ್ಲಿ."

ಮೇ ತಿಂಗಳ ಮೊದಲಲ್ಲಿ ಹೊಳೆಯ ಹಿಮ ಒಡೆಯಿತು. ಹೆಲ್ಮೆರ್ ಅದನ್ನು ನೋಡಲಿಲ್ಲ. ಡಾಕ್ಟರಮ್ಮ ಹೇಳಿದ ಅಳತೆಯ ಒಳಗೇ ಹೋದ, ಈಚೆಯ ಬದಿಯಲ್ಲಿ. ಅವಳು ಒಳ್ಳೆಯ ಡಾಕ್ಟರೇ.

ಮೊಳೆಯ ದಿನ ಹಿಲ್ಲೆವಿ ಕಪ್ಪು ಉಡುಪಿನಲ್ಲಿ ಬಂದಳು. ಲಿಕ್ಸೆಲೆಯಿಂದ ಅವಳ ಅಪ್ಪ ಅಮ್ಮ ಬಂದಿದ್ದರು. ಚೀಟಿಯನ್ನು ಅವಳು ಕೊನೆಯ ಅಧ್ಯಾಯದ ಒಳಗೆ ಅಡಗಿಸಿರಲಿಲ್ಲ, ರಕ್ಷಾಪುಟ ತೆರೆದ ಕೂಡಲೇ ಕಾಣುವ ಹಾಗೆ ಅಂಟಿಸಿದ್ದಳು. ಮೊದಲನೆಯ ಏಟಿಗೆ ಮೊಳೆ ಬಾಗಿತು. ಎಲ್ಲರೂ ನಕ್ಕರು. ಅವಳು ಸುತ್ತಿಗೆಯನ್ನು ನನ್ನ ಕೈಗೆ ಕೊಟ್ಟಳು. ಇನ್ನೊಂದು ಮೊಳೆ ತೆಗೆದುಕೊಂಡು ನಾನೇ ಹೊಡೆದೆ, ಅಗತ್ಯಕ್ಕಿಂತ ಎರಡು ಏಟು ಹೆಚ್ಚು.

ಆಮೇಲೆ ಕಾಫಿ, ಕೇಕು. ಜನ ನನ್ನ ಹತ್ತಿರ ಒಬ್ಬೊಬ್ಬರಾಗಿ ಬಂದು ಮೆಲ್ಲಗೆ ಮಾತಾಡಿಸಿ ಹೋಗುತ್ತಿದ್ದರು. ಹಿಲ್ಲೆವಿಯ ಅಮ್ಮ, ಒರಟು ಕೈಯ ಒಳ್ಳೆಯ ಹೆಂಗಸು, ತಟ್ಟೆ ಹಿಡಿದು ಪಕ್ಕದಲ್ಲಿ ಕೂತಳು.

"ಮಗಳು ಎಲ್ಲಾ ಹೇಳಿದ್ಲು" ಎಂದಳು. "ಮದುವೆಯಾಗಿ ಎಷ್ಟು ವರ್ಷ ಆಗಿತ್ತು ನಿಮಗೆ?"

"ಮೂವತ್ತೊಂದು" ಎಂದೆ.

ಹೇಳಿ, ಎಂದಿನ ಅಭ್ಯಾಸದಂತೆ, ಕಾದೆ. ಮೇಜಿನ ಆ ತುದಿಯಲ್ಲಿ ಹುಡುಗರು ಯಾವುದಕ್ಕೋ ನಗುತ್ತಿದ್ದರು. ಆ ಹೆಂಗಸು ತಲೆಯಾಡಿಸಿ, "ಬಹಳ ವರ್ಷ" ಎಂದು ನನ್ನ ಲೋಟಕ್ಕೆ ಕಾಫಿ ಬಗ್ಗಿಸಿದಳು. ಯಾರೂ ಏನೂ ಕೇಳಲಿಲ್ಲ.